ಅಂಗುಳದ ಆಕಾರ ಮತ್ತು ಸೊಟ್ಟ ಹಲ್ಲು: ಒಂದು ಅಳತೆಗೋಲಿನ ವಿಮರ್ಶೆ

ಇಕ್ಕಟ್ಟಾಗಿ ಕಮಾನುಗಟ್ಟಿದ ಅಂಗುಳವೇ ಹಲ್ಲುಗಳು ಸೊಟ್ಟಗಾಗುವುದಕ್ಕೆ ಕಾರಣವೆಂಬ ಮತವು ದಂತವೈದ್ಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆಯನ್ನು ಮುಂದಿಟ್ಟುಕೊಂಡು ಈ ಮತದ ಬಲಾಬಲವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಇಲ್ಲಿ ಹಲ್ಲಿನ ಮಾತೆತ್ತಿದರೆ ಮೊದಲು ನೀರಿನ ದೂರು ಬರುತ್ತದೆ. ಕೊಳವೆಬಾವಿಯ ನೀರಿನ ಫ್ಲೋರೈಡ್ ಹಲ್ಲಿಗೆ ಕಂದು ಕಲೆ ತರುವುದು ನಿಜ. ಆದರೆ ಕಲೆ ಬೇರೆ, ಸೊಟ್ಟು ಬೇರೆ.

1909ರಲ್ಲಿ ಫ್ರಾನ್ಸಿನ ಪಾಂಟ್ ಒಂದು ಸೂತ್ರವನ್ನು ಕೊಟ್ಟರು. ಮೇಲಿನ ನಾಲ್ಕು ಬಾಚಿಹಲ್ಲುಗಳ ಅಗಲದ ಮೊತ್ತವನ್ನು 100ರಿಂದ ಗುಣಿಸಿ 80ರಿಂದ ಭಾಗಿಸಿದರೆ ಎಡಬಲದ ಮುಂದವಡೆ ಹಲ್ಲುಗಳ ನಡುವಣ ಅಗಲವೂ, 64ರಿಂದ ಭಾಗಿಸಿದರೆ ದವಡೆಹಲ್ಲುಗಳ ನಡುವಣ ಅಗಲವೂ ದೊರೆಯಬೇಕು. ಮೊತ್ತ 32 ಮಿಲಿಮೀಟರಾದರೆ ಅಗಲಗಳು 40 ಮತ್ತು 50. ಅಷ್ಟಿಲ್ಲದ ಬಾಯಿ ಇಕ್ಕಟ್ಟಿನದೆಂದು ತೀರ್ಮಾನ. ಲೆಕ್ಕವೇನೋ ಸೊಗಸಾಗಿದೆ. ಆದರೆ ಅದು ಫ್ರೆಂಚರ ಬಾಯಿಗಳಿಂದ ಹುಟ್ಟಿದ್ದು. ಬೇರೆ ಜನಗಳಲ್ಲಿ ಅದನ್ನು ಒರೆಹಚ್ಚಿ ನೋಡಬೇಕೆಂದು ಪಾಂಟರೇ ಸೂಚಿಸಿದ್ದರು. ಸಂಖ್ಯೆಗಳು ಪ್ರಚಾರಕ್ಕೆ ಬಂದಷ್ಟು ಆ ಎಚ್ಚರಿಕೆ ಬರಲಿಲ್ಲ.

1880ರಿಂದ ಜಾನ್ ಟೇಲರ್ ಸಂಸ್ಥೆಯ ಕೈಯಲ್ಲಿ ಬೆಳೆದು 2001ರಲ್ಲಿ ಮುಚ್ಚಿದ ಗಣಿಯ ಸುತ್ತ ಉತ್ತರ ಆರ್ಕಾಟಿನ ತಮಿಳರು, ಚಿತ್ತೂರಿನ ತೆಲುಗರು, ಆಂಗ್ಲೋ ಇಂಡಿಯನ್ನರು ಬಂದು ನೆಲಸಿದರು. ಬಂಗಾರಪೇಟೆಯ ಹಳ್ಳಿಗಳಲ್ಲಿ ಕನ್ನಡ ತೆಲುಗು ಎರಡನ್ನೂ ಆಡುವ ಒಕ್ಕಲು ಮನೆಗಳಿವೆ. ಇಂಥ ಬೆರಕೆಯ ಜನಕ್ಕೆ ಒಂದೇ ಅಳತೆಗೋಲು ಹೊಂದುವುದೆಂದು ನಾವು ನಂಬಲಾರೆವು.

ಕಾರ್ಯಕಾರಣ ಸಂಬಂಧವೂ ಅಷ್ಟು ಸರಳವಲ್ಲ. ಮೇಲ್ದವಡೆಯನ್ನು ಒಳಗಿನಿಂದ ನಾಲಗೆಯೂ ಹೊರಗಿನಿಂದ ಕೆನ್ನೆಯೂ ಒತ್ತುತ್ತವೆ. ಬೆರಳು ಚೀಪುವ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗುವಿನ ನಾಲಗೆ ಕೆಳಗಿಳಿದು, ಅಂಗುಳ ಕಿರಿದಾಗುವುದೂ ಹಲ್ಲು ಸೊಟ್ಟಗಾಗುವುದೂ ಒಟ್ಟಿಗೆ ನಡೆಯಬಹುದು. ಅಲ್ಲಿ ಒಂದು ಮತ್ತೊಂದಕ್ಕೆ ಕಾರಣವಲ್ಲ, ಎರಡೂ ಫಲಗಳು. ಇನ್ನು ಹಲ್ಲಿನ ಗಾತ್ರ ಬಹುಮಟ್ಟಿಗೆ ವಂಶದ್ದು. ದೊಡ್ಡ ಹಲ್ಲುಗಳಿಗೆ ಅಗಲವಾದ ಅಂಗುಳದಲ್ಲಿಯೂ ಎಡೆ ಸಾಲದೆ ಹೋಗುತ್ತದೆ.

ಉತ್ತರ ಭಾರತದಲ್ಲಿ ಶೋಧನೆ ನಡೆಸಿದ ಕೊರುಚೀನಿ ಮತ್ತು ಸಂಗಡಿಗರು, ಹಳ್ಳಿಗರಿಗಿಂತ ಪಟ್ಟಣಿಗರಲ್ಲಿ ಹಲ್ಲುಗಳ ಅಸ್ತವ್ಯಸ್ತತೆ ಹೆಚ್ಚೆಂದು ಕಂಡು, ಮೆತ್ತನೆಯ ಆಹಾರವನ್ನು ಕಾರಣವಾಗಿ ಮುಂದಿಟ್ಟರು. ಈ ವಾದವನ್ನು ಕೋಲಾರಕ್ಕೆ ತರುವವರು ಒಂದು ಸಂಗತಿಯನ್ನು ನೆನೆಯಬೇಕು: ಇಲ್ಲಿಯ ಹಳ್ಳಿಗರು ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ!

ಇದು ಬರಿಯ ಪಂಡಿತವಾದವಲ್ಲ. ಹನ್ನೆರಡರ ಮಗುವಿನ ಆರೋಗ್ಯವಾದ ಮುಂದವಡೆ ಹಲ್ಲನ್ನು ಕೀಳಬೇಕೆ, ಅಂಗುಳವನ್ನು ಹಿಗ್ಗಿಸಬೇಕೆ ಎಂಬುದು ಇದರ ಮೇಲೆ ನಿಂತಿದೆ. ಅಂಗುಳದ ನಡುವಣ ಎಲುಬಿನ ಸಂದು ವಯಸ್ಸು ಏರಿದಂತೆ ಬಿಗಿಯುವುದರಿಂದ ಹಿಗ್ಗಿಸುವ ಅವಧಿ ಕಿರಿದು. ಕಿತ್ತ ಹಲ್ಲಾದರೋ ಮತ್ತೆ ಬಾರದು. ಬಾಯಿಯ ಅಚ್ಚು ತೆಗೆದು, ಮೂಗಿನ ಉಸಿರನ್ನು ಪರೀಕ್ಷಿಸಿ, ಹಲ್ಲುಗಳ ಗಾತ್ರವನ್ನೂ ಅವಕ್ಕೆ ದೊರೆಯುವ ಎಡೆಯನ್ನೂ ನೇರವಾಗಿ ಅಳೆದ ಬಳಿಕ ಪಾಂಟರ ಸಂಖ್ಯೆಯತ್ತ ಒಮ್ಮೆ ನೋಡಿದರೆ ಸಾಕು.