ಕಾದಂಬರಿಗೆ ಸಿಕ್ಕದ ಚಳಿಜ್ವರ

ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಈಚೆಗೆ ಮತ್ತೊಮ್ಮೆ ಓದಿದೆ. 1943ರಲ್ಲಿ ಪ್ರಕಟವಾದ ಈ ಕಾದಂಬರಿಯ ನೆಲ ಸುಬ್ರಹ್ಮಣ್ಯದ ಸುತ್ತಿನ ಕಾಡು. ಇಂದಿನ ಲೆಕ್ಕದಲ್ಲಿ ಕಡಬ ತಾಲೂಕು. ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನವರನ್ನು ಓದಿದವರು ಮರೆಯಲಾರರು. ಅಲ್ಲಿಯ ಆನೆಯನ್ನೂ ಹುಲಿಯನ್ನೂ ಮರೆಯಲಾರರು. ಆದರೆ ಘಟ್ಟದ ಬುಡದ ಇಂಥ ಕಣಿವೆಗಳಲ್ಲಿ ಮನುಷ್ಯನಿಗೆ ಹುಲಿಗಿಂತ ದೊಡ್ಡ ಶತ್ರು ಬೇರೊಂದಿತ್ತು. ಅದು ಸೊಳ್ಳೆ. ನಮ್ಮ ಓದಿನ ನೆನಪಿನಲ್ಲಿ ಅದಕ್ಕೆ ಸ್ಥಳವೇಕಿಲ್ಲ?

ಕನ್ನಡ ಕಾದಂಬರಿ ರೋಗವನ್ನು ಕಾಣಲಿಲ್ಲವೆಂದಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ಲೇಗು ಇದೆ, ಭೈರಪ್ಪನವರ ‘ಗೃಹಭಂಗ’ದಲ್ಲಿಯೂ (1970) ಇದೆ. ಪ್ಲೇಗು ಒಮ್ಮೆಲೇ ಎರಗುತ್ತದೆ, ಊರನ್ನು ಖಾಲಿ ಮಾಡಿಸುತ್ತದೆ; ಕಥೆಗಾರನಿಗೆ ತಿರುವೊಂದನ್ನು ಕೊಡುತ್ತದೆ. ಚಳಿಜ್ವರದ ಸ್ವಭಾವ ಅಂಥದಲ್ಲ. ದಿನ ಬಿಟ್ಟು ದಿನ ನಡುಗಿಸುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಅಡಿಕೆ ಕೊಯ್ಯುವ ಕೈ ಸೋಲುತ್ತದೆ, ಗರ್ಭಿಣಿಯ ರಕ್ತ ಬತ್ತುತ್ತದೆ, ಮಗು ಬೆಳೆಯುವುದಿಲ್ಲ. ಇದರಲ್ಲಿ ‘ಘಟನೆ’ ಎಲ್ಲಿದೆ? ಘಟನೆಯಿಲ್ಲದ ದುಃಖಕ್ಕೆ ನಾವು ಅಧ್ಯಾಯ ಬರೆಯುವುದಿಲ್ಲ. ನನ್ನ ಆಕ್ಷೇಪಣೆ ಇಷ್ಟೆ.

ಕಾರಂತರಿಂದಲೇ ಇನ್ನೊಂದು ಉದಾಹರಣೆ ಕೊಡಬಹುದು. ‘ಚೋಮನ ದುಡಿ’ಯಲ್ಲಿ (1933) ಸಾಲ ತೀರಿಸಲೆಂದು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಮತ ಬದಲಿಸುತ್ತಾನೆ, ಇನ್ನೊಬ್ಬ ಕಾಯಿಲೆಗೆ ಬಲಿಯಾಗುತ್ತಾನೆ. ಮತ ಬದಲಿಸಿದವನ ಬಗೆಗೆ ನಮ್ಮ ವಿಮರ್ಶಕರು ಎಷ್ಟೋ ಬರೆದರು. ಸತ್ತವನ ಸಾವನ್ನು ಬಡತನದ ಲೆಕ್ಕಕ್ಕೆ ಜಮಾ ಮಾಡಿ ಮುಂದೆ ನಡೆದೆವು. ಸಾಲ, ಕೂಲಿ, ತೋಟ, ರೋಗ ಇವು ಒಂದೇ ಸರಪಳಿಯ ಕೊಂಡಿಗಳೆಂಬುದನ್ನು ಲೇಖಕರು ಕಂಡಿದ್ದರು, ನಾವು ಗಮನಿಸಲಿಲ್ಲ.

ಕಾದಂಬರಿಯೇನು ಆರೋಗ್ಯ ಇಲಾಖೆಯ ಕರಪತ್ರವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಆದರೆ ನೀರಿನ ಗುಣ ತಿಳಿಯದೆ ತೋಟದ ಕಥೆ ಹೇಳಲಾಗದು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಅಡಿಕೆಗೆ ಜೀವ ಕೊಡುವುದು ತೋಡಿನ ನೀರು, ಕಣಿಯ ನೀರು. ಹುಲ್ಲು ಬೆಳೆದ ದಡದಲ್ಲಿ ಮೆಲ್ಲಗೆ ಹರಿಯುವ ಅಂಥ ತಿಳಿನೀರೇ ಬೆಟ್ಟದ ಬುಡದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್‌ಗೆ ತೊಟ್ಟಿಲು. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರಿನ ಚಿಪ್ಪಿನಲ್ಲಿ ಹುಟ್ಟಿ ಹಗಲು ಕಚ್ಚುವ ಸೊಳ್ಳೆ ಬೇರೆ. ಅದರದು ಡೆಂಗ್ಯೂ, ಚಿಕುನ್‌ಗುನ್ಯ. ಮಂಗಳೂರಿನಲ್ಲಿ ಕಟ್ಟಡಗಳ ತೊಟ್ಟಿಯಲ್ಲಿ ಬೆಳೆದು ಮಲೇರಿಯಾ ಹಬ್ಬಿಸಿದ ಸ್ಟೀಫೆನ್ಸಿ ಮತ್ತೂ ಬೇರೆ. ತೋಟವನ್ನು ಬರೀ ಹಸುರಾಗಿ ವರ್ಣಿಸುವ ಲೇಖನಿ ಇದಾವುದನ್ನೂ ಕಾಣದು.

ಕಾಣದಿದ್ದರೆ ನಷ್ಟವೇನು? ಮರೆವಿನ ಬೆಲೆಯನ್ನು ದೇಶ ಒಮ್ಮೆ ತೆತ್ತಿದೆ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ, 8 ಲಕ್ಷ ಸಾವು ಎಂಬುದು ಸರಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, ಡಿ.ಡಿ.ಟಿ. ಗೋಡೆ ಗೋಡೆಗೂ ಬಿತ್ತು. 1965ರ ಹೊತ್ತಿಗೆ ಸಂಖ್ಯೆ ಸುಮಾರು 1 ಲಕ್ಷಕ್ಕಿಳಿಯಿತು. ಗೆದ್ದೆವೆಂದು ಕಾವಲು ಸಡಿಲಾಯಿತು, ಸೊಳ್ಳೆಯೂ ಔಷಧಿಗೆ ಒಗ್ಗಿಕೊಂಡಿತು. 1976ರಲ್ಲಿ ಅದು 64 ಲಕ್ಷ ದಾಟಿತು.

ಇಂದು ದಕ್ಷಿಣ ಕನ್ನಡದಲ್ಲಿ ಮಲೇರಿಯಾ ಹಿಂದಿಗಿಂತ ಬಹಳ ಕಡಿಮೆ, ಸಂತೋಷ. ಆದರೆ ಅಪಾಯ ತೀರಲಿಲ್ಲ. ಕೆಲಸಕ್ಕಾಗಿ ಪಟ್ಟಣದಿಂದ ತೋಟಕ್ಕೆ, ದೂರದ ರಾಜ್ಯಗಳಿಂದ ಇಲ್ಲಿಗೆ ಜನ ಬರುತ್ತಲೇ ಇದ್ದಾರೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ಪರಾವಲಂಬಿ ಜ್ವರ ಬಿಟ್ಟ ಮೇಲೂ ಪಿತ್ತಜನಕಾಂಗದಲ್ಲಿ ಅಡಗಿ ತಿಂಗಳುಗಳ ಮೇಲೆ ಮರಳಬಲ್ಲುದು. ಅದನ್ನು ಬೇರುಸಹಿತ ಕೀಳಲು ವೈದ್ಯರು ಹೇಳುವ 14 ದಿನಗಳ ಮಾತ್ರೆಯನ್ನು, ಮೂರನೆಯ ದಿನ ಮೈ ಹಗುರವಾದೊಡನೆ ಕೂಲಿ ತಪ್ಪೀತೆಂದು ಕೆಲಸಕ್ಕಿಳಿದವನು ನಿಲ್ಲಿಸಿಬಿಡುತ್ತಾನೆ. ಅವನಿಂದ ಸೊಳ್ಳೆಗೆ, ಸೊಳ್ಳೆಯಿಂದ ತೋಟದ ಯಜಮಾನನ ಮಗುವಿಗೆ ದಾರಿ ತೆರೆದೇ ಇರುತ್ತದೆ.

ಆ ಹನ್ನೊಂದು ದಿನಗಳಲ್ಲಿ ಒಂದು ಕಾದಂಬರಿಗೆ ಬೇಕಾದುದೆಲ್ಲ ಇದೆಯೆಂದು ನನಗೆ ತೋರುತ್ತದೆ: ಹಸಿವು, ಭಯ, ಯಜಮಾನನ ಲೆಕ್ಕ, ಕೂಲಿಯವನ ಲೆಕ್ಕ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಕಾರಂತರು ಕಾಡಿನ ಮನುಷ್ಯನನ್ನು ನಮಗೆ ತೋರಿಸಿಕೊಟ್ಟರು. ಅವನ ಜ್ವರವನ್ನು ಬರೆಯುವ ಕೆಲಸ ಅವರ ಅನಂತರದವರಿಗೆ ಉಳಿದಿದೆ.