ಖರ್ಚಿನ ಪುಟ ಎಲ್ಲಿ ಹೋಯ್ತು?

ಮೂಡುಬಿದಿರೆ ಹತ್ತಿರದ ಮಿಜಾರಿನ ಹೆಸರು ಇಡೀ ದೇಶಕ್ಕೆ ಕೇಳಿಸಿದ್ದು ಒಂದು ಓಟದಿಂದ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ಮುಗೀತಲ್ಲ! ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಕೆಸರಿನ ಓಟವೇ ಬೇರೆ, ಟ್ರ್ಯಾಕೇ ಬೇರೆ ಅಂತ ಗೌಡರು ಹೋಗಲಿಲ್ಲ.

ಆ ವಾರದ ಸುದ್ದಿಗಳಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಲೆಕ್ಕ ಇತ್ತು. ಕೋಣಗಳ ಹುರುಳಿಗೆ ಎಷ್ಟಾಗುತ್ತೆ, ಎಣ್ಣೆಗೆ ಎಷ್ಟು, ಕಂಬಳವಿಲ್ಲದ ಮಳೆಗಾಲದಲ್ಲೂ ಅವನ್ನು ನೋಡಿಕೊಳ್ಳುವವರ ಸಂಬಳ ಎಷ್ಟು, ಇದು ನಾನು ಓದಿದ ಯಾವುದರಲ್ಲೂ ಕಾಣಲಿಲ್ಲ. ಗೌಡರು ಕಟ್ಟಡ ಕೆಲಸಕ್ಕೆ ಹೋಗ್ತಿದ್ದರು ಅನ್ನೋದು ಮಾತ್ರ ಬಂತು. ಅದೂ ಕಥೆಗೆ ಒಗ್ಗರಣೆಯಾಗಿ.

ನಮ್ಮ ಕೃಷಿ ಯಶೋಗಾಥೆಗಳದ್ದೂ ಇದೇ ಚಾಳಿ. ಸಾಫ್ಟ್‌ವೇರ್ ಬಿಟ್ಟು ದನ ಸಾಕಿದ ಯುವಕ. ಒಂದು ಎಕರೆ, ವರ್ಷಕ್ಕೆ ಹತ್ತು ಲಕ್ಷ. ಪೇಪರಿನಲ್ಲಾದರೆ ಪುರವಣಿಯ ಅರ್ಧ ಪುಟ, ಯೂಟ್ಯೂಬಿನಲ್ಲಾದರೆ ಹನ್ನೆರಡು ನಿಮಿಷ ಮತ್ತು ಒಂದು ಡ್ರೋನ್ ಶಾಟ್. ಇವನ್ನು ಚಟದ ಹಾಗೆ ನೋಡುವವನು ನಾನು. ಅವು ಸುಳ್ಳು ಹೇಳೋದಿಲ್ಲ ಮಾರಾಯ್ರೆ, ಹತ್ತು ಲಕ್ಷ ಬಂದೇ ಇರುತ್ತದೆ. ಬಂದದ್ದನ್ನು ಹೇಳಿ ಹೋದದ್ದನ್ನು ಬಿಡುತ್ತವೆ. ಆಫೀಸಿನಲ್ಲಿ ಯಾರಾದರೂ ರೆವೆನ್ಯೂ ಸ್ಲೈಡ್ ತೋರಿಸಿ ಇದೇ ಪ್ರಾಫಿಟ್ ಅಂದರೆ ನಾವು ಬಿಡ್ತೀವಾ? ಅದೇ ನಾವು ಶನಿವಾರ ಬೆಳಗ್ಗೆ ಈ ವಿಡಿಯೋ ನೋಡಿ, ಪಿಎಫ್ ತೆಗೆದು ಊರಿನ ಹಟ್ಟಿ ದೊಡ್ಡದು ಮಾಡೋಣ ಅಂತ ಅಪ್ಪನಿಗೆ ಫೋನ್ ಮಾಡ್ತೇವೆ.

ಹಟ್ಟಿಯನ್ನೇ ತಗೊಳ್ಳಿ. ಮಿಜಾರು ಕಡೆಯ ಮನೆಗಳಲ್ಲಿ ಎರಡು ದನ ಅಂದರೆ ತೋಟದ ಬದಿಯ ಹುಲ್ಲು, ಅಡುಗೆಮನೆಯ ಅಕ್ಕಚ್ಚು, ಅಮ್ಮನ ಎರಡು ಹೊತ್ತಿನ ದುಡಿಮೆ. ಡೈರಿಯ ಪುಸ್ತಕದಲ್ಲಿ ಬಿದ್ದದ್ದು ಹೆಚ್ಚುಕಮ್ಮಿ ಲಾಭವೇ. ಹಾಗಾದರೆ ಹತ್ತು ದನಕ್ಕೆ ಐದು ಪಟ್ಟು ಅಂತ ವಿಡಿಯೋ ಗುಣಿಸಿಬಿಡುತ್ತದೆ. ಗುಣಾಕಾರ ಅಲ್ಲಿಯೇ ಕೈಕೊಡೋದು. ಹತ್ತು ದನಕ್ಕೆ ತೋಟದ ಬದಿಯ ಹುಲ್ಲು ಎಲ್ಲಿಗೆ ಸಾಲುತ್ತದೆ? ಗದ್ದೆಗಳೆಲ್ಲ ಅಡಿಕೆ ತೋಟ ಆಗಿರುವ ಊರಲ್ಲಿ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ಹಿಂಡಿ ಪೂರ್ತಿ ಅಂಗಡಿಯದ್ದು. ಅಮ್ಮನ ಕೈಯಲ್ಲಿ ಆಗೋದಿಲ್ಲ, ಆಳು ಬೇಕು, ಆಳಿಗೆ ಕೋಣೆ ಬೇಕು. ಹಾಲು ಕರೆಯುವ ಮೆಷಿನ್ ಬೇಕು. ಚಿಕ್ಕದಾಗಿದ್ದಾಗ ಪುಕ್ಕಟೆ ಇದ್ದದ್ದಕ್ಕೆಲ್ಲ ಈಗ ಬಿಲ್ಲು. ಕರು ಹಾಕುವ ಮುಂಚೆ ಎರಡು ತಿಂಗಳು ದನ ಹಾಲು ಕೊಡೋದಿಲ್ಲ, ಮೇವು ಮಾತ್ರ ಬೇಕೇ ಬೇಕು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನೂ ತಿಂಗಳ ಆದಾಯಕ್ಕೆ ಸೇರಿಸಿ ತೋರಿಸ್ತಾರೆ. ಅದು ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಹಿಂಡಿ ಅಂಗಡಿಯವರು ಅಷ್ಟು ದಿನ ಸುಮ್ಮನಿರ್ತಾರಾ?

ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಈ ಅಭ್ಯಾಸ ನೋಡಿದಾಗ ನನಗೆ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಗುತ್ತದೆ. ಹಳ್ಳಿಗೆ ವಾಪಸು ಹೋಗುವವರು ಹೆಸರು ಎತ್ತುವುದು ಅದರ ರಾಮನದ್ದು. ಆ ಮನೆ ಅವನ ಕಾಲದ ತನಕ ಉಳಿದದ್ದೇ ಪಾರೋತಿ, ಸರಸೋತಿಯರು ಮೈಮುರಿದು ದುಡಿದದ್ದರಿಂದ. ಕಾರಂತರು ಅದನ್ನು ಪುಟಗಟ್ಟಲೆ ಬರೆದರು. ಯೂಟ್ಯೂಬಿನಲ್ಲಿ ಅಮ್ಮ ಬರೋದು ಕೊನೆಗೆ, ಮಜ್ಜಿಗೆ ಲೋಟ ಹಿಡಿದು.

ಅಡಿಕೆಯಲ್ಲಿ ಸಂಗತಿ ಇನ್ನೂ ನಾಜೂಕು. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ. ಅಷ್ಟೂ ವರ್ಷ ಗೊಬ್ಬರ, ನೀರು, ಕರೆಂಟು. ಫಸಲು ಬಂದ ಮೇಲೆ ಕೊಳೆರೋಗಕ್ಕೆ ಮಳೆಗೆ ಮುಂಚೆ ಒಂದು ಸಲ ಮದ್ದು ಬಿಡಬೇಕು, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ, ಮರ ಹತ್ತುವವರು ಸಿಕ್ಕಿದರೆ. ಇದನ್ನಾದರೂ ಕೆಲವರು ಬರೀತಾರೆ. ಯಾರೂ ಬರೆಯದ್ದು ಕಾಯುವವರ ವಿಷಯ. ಕರಾವಳಿಯ ಚಾಲಿ ಮಾರುಕಟ್ಟೆಯಲ್ಲಿ ಹೊಸ ಅಡಿಕೆಗೆ ಒಂದು ರೇಟು, ಹಳೆಯದಕ್ಕೆ ಇನ್ನೊಂದು, ಇನ್ನೂ ಹಳೆಯ ಡಬ್ಬಲ್ ಚೋಲಿಗೆ ಮತ್ತೊಂದು. ಸಾಮಾನ್ಯವಾಗಿ ಹಳೆಯದಕ್ಕೆ ಜಾಸ್ತಿ. ಅಂದರೆ ಗೋಣಿ ಕಟ್ಟಿ ವರ್ಷಗಟ್ಟಲೆ ಇಟ್ಟುಕೊಳ್ಳಬಲ್ಲವನಿಗೆ ಒಂದು ರೇಟು, ಕಂತು ಕಟ್ಟಬೇಕಾದವನಿಗೆ ಇನ್ನೊಂದು. ತೋಟ ವಿಸ್ತರಿಸಲು ಸಾಲ ಮಾಡಿದವನು ಆ ಸಾಲದಿಂದಲೇ ಕಾಯುವ ತಾಕತ್ತು ಕಳೆದುಕೊಳ್ಳುತ್ತಾನೆ. ವಿಡಿಯೋದಲ್ಲಿ ಹೇಳುವ ರೇಟು ಮಾತ್ರ ಯಾವಾಗಲೂ ಕಾದವನದ್ದು.

ಸಾಲದ ಬಗ್ಗೆ ‘ಸೊಸೈಟಿಯಲ್ಲಿ ಬಡ್ಡಿಯಿಲ್ಲದೆ ಸಿಗುತ್ತೆ’ ಅಂತ ಒಂದೇ ವಾಕ್ಯ. ಹೌದು, 2023ರ ಬಜೆಟ್ಟಿನಲ್ಲಿ ಆ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಅದು ಅಲ್ಪಾವಧಿಯ ಬೆಳೆ ಸಾಲ, ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಹಟ್ಟಿ ಕಟ್ಟಲು, ಬೋರ್‌ವೆಲ್ ತೋಡಲು ಬೇಕಾಗುವ ದೊಡ್ಡ ಸಾಲಕ್ಕೆ ಬ್ಯಾಂಕು ಪಹಣಿ ನೋಡುತ್ತದೆ. ಪಹಣಿಯಲ್ಲಿ ಅಜ್ಜನ ಕಾಲದ ಜಂಟಿ ಹೆಸರುಗಳು, ಮುಂಬಯಿಯ ದೊಡ್ಡಮ್ಮನ ಸಹಿಯೂ ಬೇಕು. ಗೇರು ಹಾಕಿದ ಗುಡ್ಡ ಕುಮ್ಕಿ, ಸರ್ಕಾರದ್ದು. ಅದನ್ನು ಅಡವು ಇಡುವ ಹಾಗಿಲ್ಲ. ಕಣ್ಣಿಗೆ ಕಾಣುವ ಆಸ್ತಿ ಬೇರೆ, ಬ್ಯಾಂಕಿಗೆ ಕಾಣುವ ಆಸ್ತಿ ಬೇರೆ.

ಕೃಷಿ ಬರವಣಿಗೆ ಎಲ್ಲ ಹೀಗೇ ಅಂತಲ್ಲ. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ಎಷ್ಟು ಲೀಟರ್ ನೀರು, ಎಷ್ಟು ಆಳು ಅಂತ ಬರೆದವನಿಗೆ ಅದನ್ನು ಓದುವ ಪಕ್ಕದ ಊರಿನ ಕೃಷಿಕನ ಹೆದರಿಕೆ ಇರುತ್ತದೆ. ಪುರವಣಿಯ ವರದಿಗಾರನಿಗೆ ಆ ಹೆದರಿಕೆ ಇಲ್ಲ, ಯಾಕಂದರೆ ಅವನು ಒಂದೇ ಸಲ ಹೋಗುವವನು.

ಇಪ್ಪತ್ತು ವರ್ಷದ ಹಿಂದಿನ ವೆನಿಲ್ಲಾ ನೆನಪಿದೆಯಾ? ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಬಂತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಬೀನ್ಸಿನ ರೇಟು ಕಿಲೋಗೆ ಸಾವಿರಗಳಲ್ಲಿತ್ತು. ಬಳ್ಳಿಗಳು ಕಳವಾಗಿ, ಜನ ರಾತ್ರಿಯೆಲ್ಲ ತೋಟ ಕಾದರು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು, ಬಿಟ್ಟ ಒಂದೊಂದು ಹೂವಿಗೂ ಬೆಳಗ್ಗೆ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಪೇಪರಿನ ಕಥೆ ಓದಿ ಸಾಲ ಮಾಡಿ ನೆಟ್ಟವರ ಬಳ್ಳಿ ಹೂ ಬಿಡುವಷ್ಟರಲ್ಲಿ ರೇಟು ನೆಲಕ್ಕೆ ಬಿದ್ದಿತ್ತು. ಆ ಕಥೆ ಬರೆದವರು 2006ರಲ್ಲಿ ಅದೇ ತೋಟಗಳಿಗೆ ಇನ್ನೊಂದು ಸಲ ಹೋಗಿದ್ದರೆ ಎಷ್ಟೋ ಕಡೆ ಆಧಾರಕ್ಕೆ ನೆಟ್ಟ ಗೊಬ್ಬರದ ಗಿಡ ಮಾತ್ರ ಸಿಗುತ್ತಿತ್ತು, ಜೊತೆಗೆ ಸೊಸೈಟಿಯ ನೋಟೀಸು.