ಒಂದೇ ಗುಡ್ಡ, ಮತ್ತೆ ಮತ್ತೆ

ಈ ಸಲ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಹಳ್ಳಿಯ ಝಿಗ್‌ಝಾಗ್ ಹಾದಿ. ಊರಿನ ಬೆನ್ನಿಗೇ ಕಡಿದಾದ ಸುಣ್ಣಕಲ್ಲಿನ ಗುಡ್ಡ, ಅದರ ಮೈತುಂಬ ಬೀಚ್ ಮರಗಳು. ಅದನ್ನು ಹತ್ತಲು 1753ರಲ್ಲಿ ನಿಸರ್ಗ ವೀಕ್ಷಕ ಗಿಲ್ಬರ್ಟ್ ವೈಟ್, ತಮ್ಮ ಜಾನ್ ಜೊತೆಗೂಡಿ ಈ ಹಾವಿನ ನಡೆಯ ದಾರಿ ಮಾಡಿದ. ಮಳೆ ಬಿದ್ದ ಮರುದಿನ ಸುಣ್ಣದ ನೆಲ ಜಾರುತ್ತದೆ, ತಿರುವುಗಳಲ್ಲಿ ಅವಸರ ಬೇಡ. ಅವಸರವಿಲ್ಲದೆ ಹತ್ತಿದರೂ ಸ್ವಲ್ಪ ಹೊತ್ತಿನಲ್ಲೇ ಮೇಲಿನ ಬಯಲು ಸಿಕ್ಕಿಬಿಡುತ್ತದೆ.

ಇಷ್ಟು ಚಿಕ್ಕ ದಾರಿಗೆ ಅಷ್ಟು ದೂರ ಹೋಗಬೇಕೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಲೇಕ್ ಡಿಸ್ಟ್ರಿಕ್ಟಿನ 214 ಬೆಟ್ಟಗಳ ಪಟ್ಟಿ ಹಿಡಿದು, ಹತ್ತಿದ್ದಕ್ಕೆಲ್ಲ ಗುರುತು ಹಾಕುತ್ತ ಹೋಗುವ ಪಂಥ ಅವರದು. ಆ ಪಟ್ಟಿ ಹುಟ್ಟಿದ್ದು ಆಲ್ಫ್ರೆಡ್ ವೈನ್‌ರೈಟ್‌ನ ಏಳು ಸಂಪುಟಗಳಿಂದ. ಆ ಪುಸ್ತಕಗಳನ್ನು ತೆರೆದು ನೋಡಿ: ಪುಟಪುಟವೂ ಅವನದೇ ಕೈಬರಹ, ಅವನದೇ ಚಿತ್ರ, ಹಾದಿ ಬದಿಯ ಕಲ್ಲುಗೋಡೆಗೂ ಜಾಗವುಂಟು. ಮೊದಲನೆಯದು 1955ರಲ್ಲಿ, ಕೊನೆಯದು 1966ರಲ್ಲಿ ಬಂತು. ಅಷ್ಟು ತಾಳ್ಮೆಯವನ ಹೆಸರಿನಲ್ಲಿ ಓಟದ ಪಂದ್ಯ ನಡೆಸುವುದು ಅನ್ಯಾಯ ಎಂದು ಹಿಂದೆಯೂ ಬರೆದಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ.

ಗುಡ್ಡದ ಮೇಲಿನ ಬಯಲಿನ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ವೈಟ್‌ನ ಹೆಸರೆತ್ತಿದ ಮೇಲೆ ಅವನ ಹಕ್ಕಿಗಳನ್ನು ಬಿಟ್ಟು ಮುಂದೆ ಹೋಗಲಾಗದು. 1789ರಲ್ಲಿ ಪ್ರಕಟವಾದ ಅವನ ಸೆಲ್ಬೋರ್ನ್ ಪುಸ್ತಕ ಪತ್ರಗಳ ಸಂಗ್ರಹ. ಅದರಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಎಲೆ ಉಲಿಯಕ್ಕಿಗಳ ಪ್ರಸಂಗವನ್ನು. ಹಸಿರು ಮಿಶ್ರಿತ ಕಂದು ಮೈಯ ಈ ಪುಟ್ಟ ಹಕ್ಕಿಗಳು ಎಲೆಗಳ ನಡುವೆ ಒಂದೇ ಥರ ಕಾಣುತ್ತವೆ. ವೈಟ್ ಕಿವಿಗೊಟ್ಟ. ಒಂದು ಎರಡೇ ಸ್ವರವನ್ನು ಬಿಡದೆ ಜಪಿಸುತ್ತದೆ, ಅದು ಚಿಫ್‌ಚಾಫ್. ಇನ್ನೊಂದರ ಹಾಡು ಮೇಲಿಂದ ಮೆಲ್ಲಗೆ ಇಳಿಯುತ್ತದೆ, ಅದು ವಿಲೋ ವಾರ್ಬ್ಲರ್. ಮೂರನೆಯದು ವುಡ್ ವಾರ್ಬ್ಲರ್: ಎತ್ತರದ ಬೀಚ್ ಮರಗಳ ತುದಿಯಲ್ಲಿ ಕೂತು, ಮಿಡತೆಯಂತೆ ಸರಸರ ಸದ್ದು ಹೊರಡಿಸುತ್ತ ರೆಕ್ಕೆ ನಡುಗಿಸುತ್ತದೆ. ಹಕ್ಕಿಗಳನ್ನು ಕೈಯಲ್ಲಿ ಹಿಡಿದೂ ನೋಡಿದ, ಗಾತ್ರದ ವ್ಯತ್ಯಾಸ ಗುರುತಿಸಿದ. ಮೂರೂ ಬೇರೆ ಬೇರೆ ಜಾತಿ ಎಂದು 1768ರಲ್ಲಿ ಪ್ರಾಣಿಶಾಸ್ತ್ರಜ್ಞ ಥಾಮಸ್ ಪೆನೆಂಟ್‌ಗೆ ಬರೆದ.

ಇದಕ್ಕೆ ಅವನು ದೇಶ ಸುತ್ತಲಿಲ್ಲ. ವರ್ಷ ವರ್ಷವೂ ಅದೇ ಗುಡ್ಡ, ಅದೇ ಮರಗಳು, ಯಾವ ಹಕ್ಕಿ ಯಾವ ದಿನ ಬಂತೆಂಬ ಟಿಪ್ಪಣಿ. ನಡಿಗೆಯಲ್ಲಿ ನಾನು ದೊಡ್ಡದೆಂದು ನಂಬಿರುವುದು ಈ ಮರುಭೇಟಿಯನ್ನೇ. ಗಾಡಿಚಕ್ರ, ಮಳೆನೀರು ಕೊರೆದು ಹೊಲಕ್ಕಿಂತ 16, 18 ಅಡಿ ಆಳಕ್ಕಿಳಿದ ಅಲ್ಲಿನ ಓಣಿಗಳನ್ನೂ ಅವನು ಹೀಗೆಯೇ ಬರೆದಿಟ್ಟ. ಅವಕ್ಕೆ ಇನ್ನೊಂದು ವಾರದ ಇಡೀ ಬರಹವೇ ಬೇಕು.

ವುಡ್ ವಾರ್ಬ್ಲರ್ ಈಗ ದಕ್ಷಿಣ ಇಂಗ್ಲೆಂಡಿನಲ್ಲಿ ತೀರ ಅಪರೂಪ, ಕೇಳಿಸದಿದ್ದರೆ ಬೇಸರ ಬೇಡ. ಏಪ್ರಿಲ್ ಬೆಳಿಗ್ಗೆ ಹೋದರೆ ಚಿಫ್‌ಚಾಫ್ ಮಾತ್ರ ಹೆಚ್ಚುಕಡಿಮೆ ಖಾತ್ರಿ. ಅದರ ದನಿ ಸಿಕ್ಕಿದ ತಿರುವಿನಲ್ಲೇ ನಿಂತುಬಿಡಿ, ಇನ್ನೂ ಒಂದೆರಡು ಹಕ್ಕಿ ಬಂದು ಹಾಡುವವರೆಗೂ ನಿಲ್ಲಿ. ಆ ದಿನ ತುದಿ ಮುಟ್ಟದಿದ್ದರೂ ನಷ್ಟವಿಲ್ಲ.